ಹೇಡ್ರಿಯನ್ ಗೋಡೆಯ ಸಂಶೋಧನೆಗೆ ಯೋಜನೆ ಹಾಕುವವರಿಗೆ: ಒಣಗುತ್ತಿರುವ ಮಣ್ಣಿಗೆ ಮೊದಲ ಸರದಿ ಕೊಡಿ

ಇವರಿಗೆ,
ಹೇಡ್ರಿಯನ್ ಗೋಡೆಯ ಸಂಶೋಧನಾ ಚೌಕಟ್ಟನ್ನು ಪರಿಷ್ಕರಿಸುವ ಹಾಗೂ ಅದಕ್ಕೆ ಹಣ ಒದಗಿಸುವ ಹೊಣೆ ಹೊತ್ತ ಎಲ್ಲರಿಗೆ

ಮಾನ್ಯರೇ,

ನಾನು ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವನು. ಹದಿನಾಲ್ಕು ವರ್ಷಗಳಿಂದ ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಪಶ್ಚಿಮಕ್ಕಿರುವ ಬೆನ್‌ವೆಲ್ ಬಡಾವಣೆಯಲ್ಲಿ ವಾಸವಾಗಿದ್ದೇನೆ. ನಾನು ಪುರಾತತ್ವಜ್ಞನಲ್ಲ. ಆದರೆ ದಿನವೂ ಬಸ್ಸಿಗೆ ಕಾಯುವ ವೆಸ್ಟ್ ರೋಡ್‌ನ ಡಾಂಬರಿನಡಿಯಲ್ಲಿ ರೋಮನ್ನರ ಗೋಡೆ ಹಾದುಹೋಗಿದೆ. ಮನೆಯಿಂದ ಐದು ನಿಮಿಷ ನಡೆದರೆ, ಸಾಲುಮನೆಗಳ ನಡುವೆ ಒಂದು ಸೈಟಿನಷ್ಟು ಜಾಗದಲ್ಲಿ, ಆಂಟೆನೊಸಿಟಿಕಸ್ ಎಂಬ ದೇವರ ಪುಟ್ಟ ಗುಡಿಯ ಅಡಿಪಾಯ ಸಿಗುತ್ತದೆ. 1862ರಲ್ಲಿ ಬೆಳಕಿಗೆ ಬಂದ ಈ ಗುಡಿಯ ಮೂಲ ಬಲಿಪೀಠಗಳು ಈಗ ನಗರದ ಮ್ಯೂಸಿಯಂ ಸೇರಿವೆ, ಇಲ್ಲಿ ನಿಂತಿರುವುದು ಅವುಗಳ ಪ್ರತಿಕೃತಿ ಮಾತ್ರ. ಹಾಗಿದ್ದರೂ ಅವುಗಳ ಮೇಲೆ ಯಾರೋ ಇಟ್ಟುಹೋದ ಒಂದೆರಡು ಪೆನ್ನಿ ನಾಣ್ಯ ಕಾಣದ ದಿನ ಅಪರೂಪ. ನಾಲ್ಕು ಬೀದಿ ಆಚೆಗೆ ಮನೆಗಳ ಮಧ್ಯೆಯೇ ವ್ಯಾಲಮ್ ಎಂಬ ಕಂದಕವನ್ನು ದಾಟುವ ಕಲ್ಲಿನ ದಾರಿಯಿದೆ. ಗೋಡೆಯ ಇಡೀ ಉದ್ದದಲ್ಲಿ ಅಂಥ ದಾರಿಯೊಂದು ಇಂದಿಗೂ ಕಣ್ಣಿಗೆ ಬೀಳುವುದು ಇಲ್ಲಿ ಮಾತ್ರ. ಇಷ್ಟರ ನಡುವೆ ಬದುಕುವವನಿಗೆ ಈ ಗೋಡೆಯ ಸಂಶೋಧನೆ ಯಾವ ದಿಕ್ಕಿಗೆ ಹೋಗಬೇಕೆಂಬ ಬಗ್ಗೆ ಒಂದು ಅಭಿಪ್ರಾಯ ಹುಟ್ಟುವುದು ಸಹಜ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ಬೇರೆಯಾಗಿ ಕಳುಹಿಸುತ್ತಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಒಂದು ಕಾರಣ ನನ್ನ ಜನ ಇದನ್ನು ಓದಲಿ ಎಂಬುದು. ಇನ್ನೊಂದು ಕಾರಣ ಚಿತ್ರದುರ್ಗದ ಚಂದ್ರವಳ್ಳಿ, ಅದರ ವಿಚಾರ ಮುಂದೆ ಬರುತ್ತದೆ.

ಗೋಡೆಯ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಬ್ರಿಟನ್ನಿಗೆ ಬಂದ ಆಸುಪಾಸಿನಲ್ಲಿ ಆರಂಭವಾದ ಈ ಗೋಡೆ ಪೂರ್ವದಲ್ಲಿ ಟೈನ್ ನದಿಯ ದಡದ ವಾಲ್ಸೆಂಡ್‌ನಿಂದ ಪಶ್ಚಿಮದಲ್ಲಿ ಸಾಲ್ವೇ ಕೊಲ್ಲಿಯ ಬೋನೆಸ್‌ವರೆಗೆ 80 ರೋಮನ್ ಮೈಲಿ, ಅಂದರೆ ಸುಮಾರು 117 ಕಿಲೋಮೀಟರ್ ಉದ್ದವಿದೆ. ಕಟ್ಟಿದವರು ರೋಮನ್ ಸೇನೆಯ ಮೂರು ಲೀಜನ್‌ಗಳ, ಅಂದರೆ ದೊಡ್ಡ ದಳಗಳ, ಸೈನಿಕರು. ಪೂರ್ವದ ಭಾಗವನ್ನು ಮೊದಲಿನಿಂದಲೂ ಕಲ್ಲಿನಲ್ಲಿ ಕಟ್ಟಿದರು. ಇರ್ದಿಂಗ್ ನದಿಯ ಆಚೆಗೆ ಹುಲ್ಲುಬೇರು ಹಿಡಿದ ಮಣ್ಣಿನ ಹೆಂಟೆಗಳನ್ನು ಪೇರಿಸಿ, ಕಾಲಕ್ರಮದಲ್ಲಿ ಅದನ್ನೂ ಕಲ್ಲಿಗೆ ಬದಲಿಸಿದರು. ಮೈಲಿಗೊಂದು ಪುಟ್ಟ ಕೋಟೆ, ಅವುಗಳ ನಡುವೆ ಎರಡೆರಡು ಕಾವಲುಗೋಪುರ, ಉತ್ತರಕ್ಕೆ ಕಂದಕ, ದಕ್ಷಿಣಕ್ಕೆ ಎರಡೂ ಬದಿಗೆ ಮಣ್ಣಿನ ಏರಿಯಿರುವ ವ್ಯಾಲಮ್, ಸಾಲಿನಲ್ಲಿ ಅಲ್ಲಲ್ಲಿ ದೊಡ್ಡ ಕೋಟೆಗಳು. ಯುನೆಸ್ಕೊ ಇದನ್ನು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2009ರಲ್ಲಿ ನಿಮ್ಮ ಪೂರ್ವಸೂರಿಗಳು ಎರಡು ಸಂಪುಟಗಳಲ್ಲಿ ಸಂಶೋಧನಾ ಚೌಕಟ್ಟೊಂದನ್ನು ಹೊರತಂದರು. ಒಂದರಲ್ಲಿ ಅದುವರೆಗೆ ತಿಳಿದದ್ದು, ಇನ್ನೊಂದರಲ್ಲಿ ಇನ್ನು ತಿಳಿಯಬೇಕಾದದ್ದು ಮತ್ತು ತಿಳಿಯುವ ಬಗೆ. ಅದರ ಹಿಂದಿನ ದುಡಿಮೆಯ ಬಗ್ಗೆ ನನಗೆ ಗೌರವವಿದೆ.

ನನ್ನ ಕೋರಿಕೆ ಒಂದೇ. ಇನ್ನು ಮುಂದೆ ಈ ಚೌಕಟ್ಟನ್ನು ಪರಿಷ್ಕರಿಸುವಾಗ ಯಾವ ಪ್ರಶ್ನೆ ದೊಡ್ಡದು ಎಂದು ನೋಡಿ ಕೆಲಸದ ಸರದಿ ನಿಗದಿ ಮಾಡಬೇಡಿ, ಯಾವ ಸಾಕ್ಷ್ಯ ಮೊದಲು ಅಳಿಯುತ್ತದೆ ಎಂದು ನೋಡಿ ಮಾಡಿ.

ಇದಕ್ಕೆ ನೀವು ಕೊಡಬಹುದಾದ ಉತ್ತರ ನನಗೆ ಗೊತ್ತಿದೆ. ಇದೇ ಗೋಡೆಯನ್ನು ಅಧ್ಯಯನ ಮಾಡಿದ ಪುರಾತತ್ವಜ್ಞ ಆರ್. ಜಿ. ಕಾಲಿಂಗ್‌ವುಡ್, ನಿಶ್ಚಿತವಾದ ಪ್ರಶ್ನೆಯಿಲ್ಲದೆ ಗುದ್ದಲಿ ಎತ್ತಬಾರದು ಎಂಬ ಪಾಠವನ್ನು ಒಂದು ಶತಮಾನದ ಹಿಂದೆಯೇ ಕಲಿಸಿಕೊಟ್ಟರು. ಗೋಡೆ ಇದ್ದದ್ದು ಯಾತಕ್ಕೆ ಎಂದು 1921ರಲ್ಲಿ ಅವರು ಎತ್ತಿದ ಪ್ರಶ್ನೆಯ ಸುತ್ತ ಇಂದಿಗೂ ವಿದ್ವಾಂಸರು ವಾದಿಸುತ್ತಿದ್ದಾರೆ. ಆ ಪಾಠವನ್ನು ನಾನು ಅಲ್ಲಗಳೆಯುತ್ತಿಲ್ಲ. ಪ್ರಶ್ನೆಯಿಲ್ಲದೆ ಅಗೆದರೆ ಸಿಗುವುದು ಬರೀ ಬೋಕಿ ಚೂರು. ಆದರೆ ಪ್ರಶ್ನೆ ಮಾಗುವವರೆಗೂ ನೆಲ ಇದ್ದಂತೆಯೇ ಇರುತ್ತದೆ ಎಂಬ ನಂಬಿಕೆ ಆ ಪಾಠದ ಹಿಂದೆ ಅಡಗಿತ್ತು, ಮತ್ತು ಆ ನಂಬಿಕೆ ಈಗ ಸಡಿಲವಾಗಿದೆ. ಎಲ್ಲಿ ಅಗೆಯಬೇಕು, ಯಾವಾಗ ಅಗೆಯಬೇಕು ಎಂಬುದನ್ನು ಅಳಿವು ತೀರ್ಮಾನಿಸಲಿ. ಹೇಗೆ ಅಗೆಯಬೇಕು ಎಂಬುದನ್ನು ಪ್ರಶ್ನೆ ತೀರ್ಮಾನಿಸಲಿ.

ಕೆಲವು ವರ್ಷಗಳ ಹಿಂದೆ ಗೋಡೆಯ ನಡುಭಾಗದ ಕೋಟೆಯೊಂದರಲ್ಲಿ ಎರಡು ವಾರ ಸ್ವಯಂಸೇವಕನಾಗಿ ಮಣ್ಣು ಕೆದಕಿದ್ದೆ. ಮೊದಲ ಐದು ದಿನ ಮೇಲಿನ ಪದರದಲ್ಲಿ ಕಲ್ಲು, ಮಡಕೆಯ ಚೂರು, ತುಕ್ಕು ಹಿಡಿದ ಮೊಳೆ ಇಷ್ಟೇ. ಆರನೆಯ ದಿನ ಮಣ್ಣಿನ ಬಣ್ಣವೂ ವಾಸನೆಯೂ ಬದಲಾದವು. ಕರಣೆಗೆ ಅಂಟುವ ಕಪ್ಪು ಕೆಸರು, ಕೆರೆ ಬತ್ತಿದಾಗ ಬರುವಂಥ ಕೊಳೆತ ವಾಸನೆ. ನನ್ನ ಪಕ್ಕದಲ್ಲಿದ್ದವರು ಒಂದು ಹೆಂಟೆಯನ್ನು ಬಿಡಿಸಿ ತೋರಿಸಿದರು: ನೆಲಕ್ಕೆ ಹಾಸಿದ್ದ ಜರಿಗಿಡದ ಎಲೆಗಳು, ಆಗಷ್ಟೇ ಕೊಯ್ದು ಹರಡಿದಂತೆ ಹೊಂಬಣ್ಣದಲ್ಲಿದ್ದವು. ನೋಡುತ್ತಿದ್ದಂತೆಯೇ ಅವು ಕಂದಾಗಿ, ಬಳಿಕ ಕಪ್ಪಾದವು. ಸುಮಾರು 1,900 ವರ್ಷ ಉಳಿದುಕೊಂಡ ಬಣ್ಣ ಗಾಳಿ ತಾಗಿದೊಡನೆ, ನಾನು ಕೈಗವಸು ಬಿಚ್ಚಿ ಕ್ಯಾಮೆರಾ ತೆಗೆಯುವಷ್ಟರಲ್ಲಿ ಹೋಗಿಬಿಟ್ಟಿತು. ಮಧ್ಯಾಹ್ನ ಅದೇ ಕೆಸರಿನಿಂದ ಒಂದು ಪಾದರಕ್ಷೆಯ ಅಟ್ಟೆ ಬಂತು. ಮೊಳೆ ಹೊಡೆದ ತೂತುಗಳ ಸಾಲು ಸ್ಪಷ್ಟವಾಗಿತ್ತು. ಹಿಮ್ಮಡಿಯ ಹೊರಬದಿ ಸವೆದಿತ್ತು. ನನ್ನ ಅಪ್ಪನ ಚಪ್ಪಲಿಯೂ ಅದೇ ಬದಿಗೆ ಸವೆಯುತ್ತಿತ್ತು.

ಆ ಕೆಸರಿನ ಗುಟ್ಟು ಸರಳ. ನೀರು ತುಂಬಿ ನಿಂತ ಮಣ್ಣಿಗೆ ಆಮ್ಲಜನಕ ಹೋಗುವುದಿಲ್ಲ. ಆಮ್ಲಜನಕವಿಲ್ಲದ ಕಡೆ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ಗೋಡೆಯ ತುಸು ದಕ್ಷಿಣಕ್ಕಿರುವ ವಿಂಡೊಲಾಂಡ ಎಂಬ ನೆಲೆಯಲ್ಲಿ ಗೋಡೆಗಿಂತ ಮೊದಲೇ ಎದ್ದ ಮರದ ಕೋಟೆಗಳನ್ನು ಸೈನಿಕರು ಒಂದೊಂದಾಗಿ ಕೆಡವಿ, ಜೇಡಿಮಣ್ಣು ಮತ್ತು ಹುಲ್ಲುಹೆಂಟೆ ಮುಚ್ಚಿ, ಅದರ ಮೇಲೆ ಇನ್ನೊಂದನ್ನು ಕಟ್ಟಿದ್ದರಿಂದ ಕೆಳಗಿನ ಪದರಗಳು ಮುಚ್ಚಳ ಹಾಕಿದ ಭರಣಿಯಂತೆ ಉಳಿದವು. 1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿ ಅವರಿಗೆ ಅಲ್ಲಿ ಮೊದಲ ಬರಹದ ಹಲಗೆಗಳು ಸಿಕ್ಕವು. ತಾಳೆಗರಿಯಷ್ಟು ತೆಳುವಾದ ಮರದ ಸೀಳಿನ ಮೇಲೆ ಮಸಿಯಲ್ಲಿ ಬರೆದ ಕಾಗದ, ಲೆಕ್ಕ, ರಜೆಯ ಅರ್ಜಿಗಳು. ಕ್ಲಾಡಿಯಾ ಸೆವೆರಾ ಎಂಬಾಕೆ ತನ್ನ ಹುಟ್ಟುಹಬ್ಬಕ್ಕೆ ಗೆಳತಿ ಸುಲ್ಪಿಸಿಯಾ ಲೆಪಿಡಿನಾಳನ್ನು ಕರೆದು, ಕೊನೆಯ ಸಾಲುಗಳನ್ನು ಲಿಪಿಕಾರನಿಗೆ ಬಿಡದೆ ತಾನೇ ಬರೆದದ್ದು ಅಲ್ಲಿಯದೇ. ಆ ಒಂದು ನೆಲದಿಂದ 5,000ಕ್ಕೂ ಹೆಚ್ಚು ಪಾದರಕ್ಷೆಗಳು ಬಂದಿವೆ. ಅವುಗಳಲ್ಲಿ ಹೆಂಗಸರವೂ ಎಳೆಯ ಮಕ್ಕಳವೂ ಇರುವುದರಿಂದ, ಕೋಟೆಯೊಳಗೆ ಬರೀ ಗಂಡಸರಿದ್ದರು ಎಂಬ ಹಳೆಯ ಚಿತ್ರ ಮುರಿದುಬಿತ್ತು. ಯಾವ ಕಲ್ಲಿನ ಶಾಸನವೂ ಹೇಳದ ಸಂಗತಿಗಳಿವು.

ಈ ಭರಣಿಗಳ ಮುಚ್ಚಳ ಈಗ ಬಿರುಕು ಬಿಡುತ್ತಿದೆ. ಬೇಸಿಗೆಯ ಒಣಹವೆ ಮತ್ತು ಚಳಿಗಾಲದ ಅತಿಮಳೆಯ ನಡುವೆ ನೆಲ ಕುಗ್ಗಿ ಹಿಗ್ಗುವಾಗ ಅಂತರ್ಜಲ ಏರಿಳಿಯುತ್ತದೆ. ಒಂದೇ ಒಂದು ಬೇಸಿಗೆ ನೀರು ಕೆಳಗಿಳಿದರೂ ಆಮ್ಲಜನಕ ಒಳಗೆ ನುಗ್ಗುತ್ತದೆ, ಮತ್ತೆ ನೀರು ತುಂಬಿದ ಮಾತ್ರಕ್ಕೆ ಆದ ಹಾನಿ ಸರಿಹೋಗುವುದಿಲ್ಲ. ವಿಂಡೊಲಾಂಡದ ಪಶ್ಚಿಮಕ್ಕಿರುವ ಮ್ಯಾಗ್ನಾ ಕೋಟೆಯಲ್ಲಿ ಈ ಅಪಾಯವನ್ನೇ ಮುಂದಿಟ್ಟುಕೊಂಡು 2023ರಲ್ಲಿ ಐದು ವರ್ಷಗಳ ಉತ್ಖನನ ಶುರುವಾಯಿತು. 2025ರಲ್ಲಿ ಅಲ್ಲಿನ ಕಂದಕದಿಂದ 30 ಸೆಂಟಿಮೀಟರ್ ಮೀರಿದ ಪಾದರಕ್ಷೆಗಳು ಬಂದಾಗ ಪತ್ರಿಕೆಗಳೆಲ್ಲ 'ದೈತ್ಯರು ಯಾರು' ಎಂದು ಕೇಳಿದವೇ ಹೊರತು, ಇನ್ನೆಷ್ಟು ಕೋಟೆಗಳ ಕಂದಕದಲ್ಲಿ ಇಂಥ ಚರ್ಮ ಈಗಾಗಲೇ ಪುಡಿಯಾಗಿರಬಹುದು ಎಂದು ಯಾರೂ ಕೇಳಲಿಲ್ಲ. ಮ್ಯಾಗ್ನಾದಲ್ಲಿ ನಡೆದದ್ದು ಒಂದು ಟ್ರಸ್ಟಿನ ಎಚ್ಚರದಿಂದ. ಇಡೀ 117 ಕಿಲೋಮೀಟರಿಗೆ ಅದೇ ನಿಯಮವಾಗಬೇಕು ಎಂಬುದು ನನ್ನ ಮನವಿ. ಕಾರ್ಲೈಲ್ ಕೋಟೆಯ ಮುಂದಣ ಹುಲ್ಲುಗಾವಲಿನ ಅಡಿಯ ತೇವದ ಮರಮುಟ್ಟು, ಸಾಲ್ವೇ ಕಡೆಯ ಜೌಗು, ಪಶ್ಚಿಮದ ಹೆಂಟೆಗೋಡೆಯ ಅಡಿಯಲ್ಲಿ ಹೂತುಹೋಗಿರುವ, ಪರಾಗರೇಣುಗಳನ್ನು ಹಿಡಿದಿಟ್ಟಿರುವ ಹಳೆಯ ನೆಲ, ಇವೆಲ್ಲದರ ತೇವ ಎಷ್ಟಿದೆ ಎಂದು ವರ್ಷಕ್ಕೆ ನಾಲ್ಕು ಬಾರಿ ಅಳೆಯಲು ಬೇಕಾದದ್ದು ನೆಲಕ್ಕಿಳಿಸಿದ ಒಂದೊಂದು ಸಣ್ಣ ಕೊಳವೆ ಮತ್ತು ಅದನ್ನು ನೋಡಿ ಬರೆದಿಡುವ ಒಬ್ಬ ಮನುಷ್ಯ. ಒಂದು ದೊಡ್ಡ ಉತ್ಖನನದ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಆ ಅಳತೆಗಳು ಕೈಯಲ್ಲಿದ್ದರೆ ಮುಂದಿನ ಸರದಿ ಯಾರದೆಂದು ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ.

ವಿಂಡೊಲಾಂಡದ ಒಂದು ಹಲಗೆಯ ಮೇಲೆ, ಸೈನಿಕರು ಕೊಂಡ ಸಾಮಾನುಗಳ ಲೆಕ್ಕದಲ್ಲಿ, ಗಂಬಾಕ್ಸ್ ಎಂಬವನ ಹೆಸರಿನ ಮುಂದೆ ಮೆಣಸು, 2 ದಿನಾರಿ ಎಂದಿದೆ. ನಮ್ಮ ಪಶ್ಚಿಮ ಘಟ್ಟದ ತಪ್ಪಲಿನ ಬಳ್ಳಿಯಿಂದ ಹೊರಟು, ಕಡಲು ದಾಟಿ, ಈಜಿಪ್ಟಿನ ಬಂದರು ಹಾದು, ಸಾಮ್ರಾಜ್ಯದ ತುತ್ತತುದಿಯ ಮಳೆನಾಡಿನಲ್ಲಿ ಒಬ್ಬ ಸಿಪಾಯಿಯ ಅಂಬಲಿಗೆ ಬಿದ್ದ ಮೆಣಸು ಅದು. ಆ ವ್ಯಾಪಾರದ ಇನ್ನೊಂದು ತುದಿ ನಮ್ಮೂರಿನಲ್ಲಿದೆ. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ದಿನಾರಿಗಳು ಸಿಕ್ಕಿವೆ. ಶಾಲೆಯ ಪ್ರವಾಸವೆಂದರೆ ನಮಗೆ ಚಂದ್ರವಳ್ಳಿಯ ಕೆರೆ, ಅಲ್ಲಿ ಚಿತ್ರಾನ್ನದ ಬುತ್ತಿ. ನಾಣ್ಯದ ಸಂಗತಿ ಯಾವ ಮೇಷ್ಟರೂ ಹೇಳಿದ ನೆನಪಿಲ್ಲ.

ಚಂದ್ರವಳ್ಳಿಯನ್ನು ಇಲ್ಲಿಗೆ ತಂದದ್ದು ಅಭಿಮಾನಕ್ಕಲ್ಲ. ಸಂಶೋಧನೆಗೆ ಯೋಜನೆ ಹಾಕುವುದೆಂದರೆ ಏನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಅಲ್ಲಿ ಮೊದಲೇ ಅಗೆದಿದ್ದರು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿ ಬಂದ ಮಾರ್ಟಿಮರ್ ವ್ಹೀಲರ್ ಅವರಿಗೆ ದಕ್ಷಿಣ ಭಾರತದ ಪ್ರಾಚೀನ ಪದರಗಳ ಕಾಲ ನಿರ್ಣಯಿಸುವ ಒಂದು ಗಟ್ಟಿ ಆಧಾರ ಬೇಕಿತ್ತು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯಲ್ಲಿ ತಯಾರಾದ, ಕಾಲ ಖಚಿತವಾಗಿ ಗೊತ್ತಿದ್ದ ಕೆಂಪು ಮಡಕೆಗಳು ಸ್ಥಳೀಯ ಮಡಕೆಗಳ ಜೊತೆಗೇ ಸಿಕ್ಕವು. ಆ ಸ್ಥಳೀಯ ಮಡಕೆಗಳನ್ನೇ ಅಳತೆಗೋಲಾಗಿ ಹಿಡಿದು 1947ರಲ್ಲಿ ಅವರು ಬ್ರಹ್ಮಗಿರಿಗೂ ಚಂದ್ರವಳ್ಳಿಗೂ ಬಂದರು. ಒಂದೊಂದೇ ಪದರ ಬಿಡಿಸಿ ಶಾತವಾಹನರ ಕಾಲದ ನೆಲೆ, ಅದರ ಕೆಳಗೆ ಬೃಹತ್ ಶಿಲಾಸಮಾಧಿಗಳ ಜನರ ನೆಲೆ, ಅದಕ್ಕೂ ಕೆಳಗೆ ಕಲ್ಲಿನ ಕೊಡಲಿಯವರ ನೆಲೆ ಎಂದು ಸರಣಿ ಜೋಡಿಸಿದರು. ಅವರು ಕೊಟ್ಟ ಕೆಲವು ಕಾಲಮಾನಗಳನ್ನು ಮುಂದಿನವರು ತಿದ್ದಿದ್ದಾರೆ, ಆ ಮಾತು ಬೇರೆ. ಒಂದು ಕಡೆ ಅಗೆದದ್ದು ಇನ್ನೊಂದು ಕಡೆ ಅಗೆಯಲು ಕಾರಣವಾಯಿತು; ವರದಿಯೂ ತಡಮಾಡದೆ ಇಲಾಖೆಯ ನಿಯತಕಾಲಿಕದ ನಾಲ್ಕನೆಯ ಸಂಚಿಕೆಯಲ್ಲಿ ಅಚ್ಚಾಯಿತು. ನಿಮ್ಮ ಗೋಡೆಯ ಹಲವು ಉತ್ಖನನಗಳ ವರದಿ ಹೊರಬರಲು ಎಷ್ಟು ಕಾಲ ಹಿಡಿದಿದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಅಳಿವಿಗೆ ಮೊದಲ ಸರದಿ ಎಂದರೆ ಅಗೆಯುವುದಕ್ಕೆ ಪರವಾನಗಿ ಎಂದಲ್ಲ. ಎಲ್ಲಿ ಮುಟ್ಟಬಾರದು ಎಂಬುದನ್ನೂ ಯೋಜನೆಯಲ್ಲೇ ಬರೆಯಬೇಕು. 19ನೇ ಶತಮಾನದಲ್ಲಿ ನ್ಯೂಕ್ಯಾಸಲ್‌ನ ನಗರ ಗುಮಾಸ್ತರಾಗಿದ್ದ ಜಾನ್ ಕ್ಲೇಟನ್ ಗೋಡೆ ಹಾದುಹೋಗುವ ಜಮೀನುಗಳನ್ನು ಒಂದೊಂದಾಗಿ ಕೊಂಡು, ಕಲ್ಲು ಕದಿಯುವವರಿಂದ ಅದನ್ನು ಕಾಪಾಡಿದರು. ಅವರಿಲ್ಲದಿದ್ದರೆ ಇಂದು ಚೆಸ್ಟರ್ಸ್ ಕೋಟೆಯಲ್ಲಿ ನೋಡಲು ಏನು ಉಳಿಯುತ್ತಿತ್ತೋ ಹೇಳಲಾಗದು. ಆದರೆ ಆ ಕಾಲದ ಪದ್ಧತಿಯಂತೆ ಅವರ ಆಳುಗಳು ಕಲ್ಲಿನ ಗೋಡೆ ಸಿಗುವವರೆಗೆ ಮೇಲಿನ ಮಣ್ಣನ್ನೆಲ್ಲ ತೆಗೆದುಹಾಕಿದರು. ಆ ಮಣ್ಣಿನಲ್ಲಿ ಏನಿತ್ತೆಂಬುದರ ಸುಳಿವು ಸಿಕ್ಕಿದ್ದು ಬರ್ಡೊಸ್ವಾಲ್ಡ್ ಕೋಟೆಯಲ್ಲಿ, 1987ರಿಂದ 1992ರವರೆಗೆ ಟೋನಿ ವಿಲ್ಮಾಟ್ ಅವರ ತಂಡ ಕಣಜಗಳ ಮೇಲಿನ ಪದರವನ್ನು ಬೆರಳೆಣಿಸಿದಂತೆ ಬಿಡಿಸಿದಾಗ. ಕುಸಿದ ಕಣಜದ ಮೇಲೆ ಮರದ ದೊಡ್ಡ ಹಜಾರಗಳು ಎದ್ದಿದ್ದವು. ರೋಮ್ ಕೈಬಿಟ್ಟ ಮೇಲೂ, 5ನೇ ಶತಮಾನದಲ್ಲಿ, ಅಲ್ಲಿ ಯಾರೋ ನಾಯಕನೊಬ್ಬ ತನ್ನ ಜನರೊಂದಿಗೆ ನೆಲೆಸಿದ್ದ. ಗುಂಡಿಯೂ ತೋಡದೆ ಬರೀ ಹಾಸುಗಲ್ಲುಗಳ ಮೇಲೆ ನಿಲ್ಲಿಸಿದ ಕಂಬಗಳವು. ಕಲ್ಲನ್ನೇ ಹುಡುಕುವ ಗುದ್ದಲಿಗೆ ಅವು ಕಾಣುವುದೇ ಇಲ್ಲ. ಉಳಿದ ಕೋಟೆಗಳಲ್ಲಿ ಅಂಥ ಹಜಾರಗಳು ಇದ್ದವೇ ಎಂಬ ಪ್ರಶ್ನೆಗೆ ಹಲವೆಡೆ ಉತ್ತರ ಸಿಗುವ ದಾರಿಯೇ ಮುಚ್ಚಿಹೋಗಿದೆ. ಹಾಗಾಗಿ ತೇವವೂ ಪದರವೂ ಭದ್ರವಾಗಿರುವ ಜಾಗಗಳನ್ನು ಗುರುತಿಸಿ, ಮುಂದಿನ ಐವತ್ತು ವರ್ಷ ಇಲ್ಲಿ ಗುದ್ದಲಿ ಬೀಳಕೂಡದು ಎಂದು ಬರೆದುಬಿಡಿ.

ಇನ್ನು ನನ್ನ ಬಡಾವಣೆಯ ಮಾತು. ಗೋಡೆ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವುದು ನಡುಭಾಗದ ಕಪ್ಪು ಬಂಡೆಗಳ ಏಣು, ಹೌಸ್‌ಸ್ಟೆಡ್ಸ್ ಕೋಟೆ, ಒಂಟಿ ಮರಕ್ಕೆ ಹೆಸರಾಗಿದ್ದ ಸಿಕಮೋರ್ ಗ್ಯಾಪ್. 2023ರ ಸೆಪ್ಟೆಂಬರ್‌ನಲ್ಲಿ ಆ ಮರವನ್ನು ಕಡಿದುರುಳಿಸಿದಾಗ ದೇಶವೇ ಮರುಗಿತು, ನಾನೂ ಮರುಗಿದೆ. ಆದರೆ ಕಳೆದ ಕೆಲವು ದಶಕಗಳಲ್ಲಿ ಗೋಡೆಯ ಬಗ್ಗೆ ನಮ್ಮ ತಿಳಿವಳಿಕೆಯನ್ನು ಬದಲಿಸಿದ ಸಂಗತಿಗಳು ಎಲ್ಲಿಂದ ಬಂದವು ನೋಡಿ. ಗೋಡೆಗೂ ಕಂದಕಕ್ಕೂ ನಡುವಿನ ಸಮತಟ್ಟು ಜಾಗದಲ್ಲಿ, ಚೂಪು ಮಾಡಿದ ಕೊಂಬೆಗಳನ್ನು ನೆಟ್ಟಿದ್ದ ಗುಂಡಿಗಳ ಸಾಲುಗಳು 2000ದಲ್ಲಿ ನ್ಯೂಕ್ಯಾಸಲ್‌ನ ಬೈಕರ್ ಬಡಾವಣೆಯ ಶೀಲ್ಡ್ಸ್ ರೋಡ್‌ನಲ್ಲಿ, ಅಂಗಡಿಬೀದಿಯ ಪಕ್ಕದಲ್ಲಿ ಕಂಡವು. ಗೋಡೆ ಬರೀ ಸುಂಕದ ಕಟ್ಟೆಯಲ್ಲ, ದಾಳಿಯ ಭಯವೂ ಅದರ ಹಿಂದಿತ್ತು ಎಂಬ ವಾದಕ್ಕೆ ಅದರಿಂದ ಬಲ ಬಂತು. ಹೊಸ ಬಡಾವಣೆಗಳು ಏಳುವ ಮುನ್ನ ಈಸ್ಟ್ ಬ್ರಂಟನ್, ವೆಸ್ಟ್ ಬ್ರಂಟನ್‌ಗಳಲ್ಲಿ ನಡೆದ ಉತ್ಖನನಗಳು, ಗೋಡೆಯ ಉತ್ತರಕ್ಕೆ ತಲೆತಲಾಂತರಗಳಿಂದ ಬೆಳೆದು ಬಂದಿದ್ದ ರೈತರ ನೆಲೆಗಳು ಗೋಡೆ ಎದ್ದ ಕಾಲದ ಆಸುಪಾಸಿನಲ್ಲೇ ಬರಿದಾದವೆಂದು ತೋರಿಸಿದವು. ಇಲ್ಲೇ ಹತ್ತಿರದ ಡೆಂಟನ್‌ನಲ್ಲಿ ಹೆದ್ದಾರಿಗಾಗಿ ಅಗೆದಾಗ ಗೋಡೆಯ ಅಡಿಪಾಯದ ಕೆಳಗೆ ನೇಗಿಲಿನ ಗೆರೆಗಳು ಸಿಕ್ಕವು: ಯಾರದೋ ಹೊಲದ ಮೇಲೆ ಸಾಮ್ರಾಜ್ಯದ ಗಡಿ ಬಂದು ಕೂತಿತ್ತು. ಭೂಸ್ವಾಧೀನದ ನೋಟಿಸು ಕಂಡವರ ಮನೆಯಿಂದ ಬಂದ ನನಗೆ ಆ ಗೆರೆಗಳು ವ್ಯಾಲಮ್‌ಗಿಂತ ಹೆಚ್ಚು ಮಾತಾಡುತ್ತವೆ. ಇವ್ಯಾವುವೂ ಯೋಜನೆಯಿಂದ ಸಿಕ್ಕಿದ್ದಲ್ಲ. ರಸ್ತೆ, ಮನೆ, ಪೈಪಿನ ಕೃಪೆಯಿಂದ ಸಿಕ್ಕಿದ್ದು.

2021ರಲ್ಲಿ ವೆಸ್ಟ್ ರೋಡ್‌ನಲ್ಲಿ ನೀರಿನ ಕೊಳವೆ ಬದಲಿಸುವಾಗ ಸುಮಾರು 3 ಮೀಟರ್ ಉದ್ದಕ್ಕೆ ಗೋಡೆ ಕಾಣಿಸಿಕೊಂಡಿತು. ಕೊಳವೆಯನ್ನೇ ಪಕ್ಕಕ್ಕೆ ತಿರುಗಿಸಿ ಗೋಡೆಯನ್ನು ಉಳಿಸಿದರು, ಸಂತೋಷ. ಎಲ್ಲ ಗುಂಡಿಗಳಿಗೂ ಆ ಭಾಗ್ಯವಿಲ್ಲ. ಅದಾದ ಮೇಲೆ ನಮ್ಮ ಬೀದಿಯ ಮೂಲೆಯಲ್ಲಿ ಕೇಬಲ್ಲಿಗಾಗಿ ಅಗೆದ ಕಾಲುವೆಯ ಬದಿಯಲ್ಲಿ ಚಚ್ಚೌಕವಾಗಿ ಕೆತ್ತಿದ ಎರಡು ಕಲ್ಲುಗಳನ್ನು ಬೆಳಿಗ್ಗೆ ಕಂಡೆ. ಹಳದಿ ಜಾಕೆಟ್ಟಿನ ಒಬ್ಬರು ಅಳತೆ ಬರೆದುಕೊಳ್ಳುತ್ತಿದ್ದರು. ಸಂಜೆ ಮರಳಿ ಬರುವಷ್ಟರಲ್ಲಿ ಡಾಂಬರು ಆರುತ್ತಿತ್ತು. ಅಲ್ಲಿ ಏನು ಸಿಕ್ಕಿತೆಂದು ಕೇಳಿದರೆ, ವರದಿ ಸಂಬಂಧಪಟ್ಟವರಿಗೆ ಹೋಗಿದೆ ಎಂಬ ಉತ್ತರ ಬಂತು. ಆ ನಾಲ್ಕು ಪುಟದ ವರದಿ ನನ್ನ ಕಣ್ಣಿಗೆ ಬಿದ್ದದ್ದು ಎರಡು ವರ್ಷದ ಮೇಲೆ. ಇಂಥ ಸಾವಿರ ಪುಟ್ಟ ವರದಿಗಳು ಕಚೇರಿಗಳ ಕಡತದಲ್ಲಿ ಬಿಡಿಬಿಡಿಯಾಗಿ ಕೂತಿದ್ದರೆ ಅವು ಸಂಶೋಧನೆಯಲ್ಲ. ಒಂದೇ ನಕ್ಷೆಯ ಮೇಲೆ ಜೋಡಿಸಿದ ದಿನ ಅವು ಸಂಶೋಧನೆಯಾಗುತ್ತವೆ. ಆ ಜೋಡಿಸುವ ಕೆಲಸಕ್ಕೆ ಸಂಬಳದ ಒಂದು ಹುದ್ದೆಯನ್ನು ಚೌಕಟ್ಟಿನಲ್ಲೇ ಕಾಣಿಸಬೇಕು. ಹಾಗೆಯೇ, ತೇವದ ಚರ್ಮ ಅಥವಾ ಮರ ಸಿಗುವ ಸಂಭವವಿರುವ ಯಾವ ಉತ್ಖನನಕ್ಕೂ, ಸಿಕ್ಕಿದ್ದನ್ನು ಸಂಸ್ಕರಿಸುವ ಪ್ರಯೋಗಾಲಯ, ಇಡುವ ಉಗ್ರಾಣ ಮತ್ತು ಅಚ್ಚು ಹಾಕುವ ಖರ್ಚು ಮೊದಲೇ ಕೈಯಲ್ಲಿರದೆ ಒಪ್ಪಿಗೆ ಸಿಗಬಾರದು.

1849ರಲ್ಲಿ ಜಾನ್ ಕಾಲಿಂಗ್‌ವುಡ್ ಬ್ರೂಸ್ ಗೋಡೆಯುದ್ದಕ್ಕೂ ಮೊದಲ ಯಾತ್ರೆ ಕರೆದೊಯ್ದರು. 1886ರಿಂದ ಸುಮಾರು ಹತ್ತು ವರ್ಷಕ್ಕೊಮ್ಮೆ ನಡೆಯುತ್ತ ಬಂದ ಆ ಯಾತ್ರೆಯ 14ನೆಯದು 2019ರಲ್ಲಿ ಮುಗಿಯಿತು. ಪರಿಪಾಠ ತಪ್ಪದಿದ್ದರೆ ಮುಂದಿನದು 2029ರಲ್ಲಿ. ಹೊಸದಾಗಿ ತಿಳಿದದ್ದನ್ನು ಯಾತ್ರಿಕರಿಗೆ ಪುಸ್ತಕ ಮಾಡಿ ಒಪ್ಪಿಸುವ ಒಳ್ಳೆಯ ರೂಢಿ ನಿಮ್ಮಲ್ಲಿದೆ. ಈ ಬಾರಿ ಆ ಪುಸ್ತಕದ ಜೊತೆಗೆ ಗೋಡೆಯ ಯಾವ ಯಾವ ನೆಲ ಎಷ್ಟು ಒಣಗಿದೆ ಎಂಬ ನಕ್ಷೆಯೂ ಇರಲಿ. ಅದಕ್ಕೆ ನೀರಿನ ಮಟ್ಟ ಬರೆದಿಡುವ ಮನುಷ್ಯರು ಬೇಕಾದರೆ, ಬೆನ್‌ವೆಲ್‌ನಲ್ಲಿ ಶನಿವಾರಗಳಂದು ಬಿಡುವಿರುವ ಹತ್ತು ಜನರ ಪಟ್ಟಿ ನನ್ನ ಬಳಿಯಿದೆ. ಅವರಲ್ಲಿ ಮೂವರು ಕನ್ನಡಿಗರು, ಒಬ್ಬರು ಬೋರ್‌ವೆಲ್ ಕೆಲಸ ಬಲ್ಲವರು.

ತಮ್ಮ ವಿಶ್ವಾಸಿ,
ಬೆನ್‌ವೆಲ್‌ನ ಒಬ್ಬ ನಿವಾಸಿ